ನನ್ನೊಬ್ಬಳನ್ನು ಬಿಟ್ಟು

ನಮ್ಮ ಮನೆಯವರೆಲ್ಲ ಸೇರಿ, ನನ್ನೊಬ್ಬಳನ್ನು ಬಿಟ್ಟು, ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಗಣಿತದಿಂದ. ಯಾರೂ ಬಾಯಿ ಬಿಟ್ಟಿರಲಿಲ್ಲ. ಯಾರ ಮೊಬೈಲನ್ನೂ ನಾನು ಕದ್ದು ನೋಡಿರಲಿಲ್ಲ. ಮೂಡಲಗಿಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಗಳ ಪಾಠ ಮಾಡುತ್ತ, ಹಲಗೆಯ ಮೇಲೆ ಒಂದು ಚೌಕ, ಅದರೊಳಗೊಂದು ದುಂಡು ಬರೆದು, ದುಂಡಿನ ಹೊರಗೆ ಉಳಿದ ಜಾಗಕ್ಕೆಲ್ಲ ಗೆರೆ ಎಳೆಯುತ್ತಿದ್ದೆ. ಆಗ ಥಟ್ಟನೆ ಹೊಳೆಯಿತು: ಆ ದುಂಡಿನೊಳಗೆ ಒಬ್ಬಳೇ ಕೂತಿರುವವಳು ನಾನು. ಸಿಟ್ಟಿಗೆ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಮುಂದಿನ ಬೆಂಚಿನ ಹುಡುಗಿಯರು ಬೆಚ್ಚಿ ಪುಸ್ತಕ ತೆರೆದರು.

ಸಿಟ್ಟಿಗೆ ಕಾರಣವಿತ್ತು. ಗೋಕಾಕದಲ್ಲಿರುವ ನನ್ನ ತಮ್ಮನಿಗೆ ಆಗಷ್ಟೇ ಎರಡನೆಯ ಮಗು ಹುಟ್ಟಿತ್ತು, ಹೆಣ್ಣು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕತಂಗಿಯರದು. ಆಕೆ ತೊಟ್ಟಿಲ ಮೇಲೆ ಬಾಗಿ, ಕಿವಿಗೆ ಬಾಯಿ ಹಚ್ಚಿ, ‘ಕುರ್ರ್’ ಎಂದು ಹೆಸರು ಉಸುರಬೇಕು. ಅದೇ ಹೊತ್ತಿಗೆ ಹಿಂದೆ ನಿಂತವರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಅವ್ವನನ್ನು ಕೇಳಿದರೆ, “ಮೊದಲಿಂದ ಗುದ್ದಕೋತ ಬಂದಾರ, ಅದಕ್ಕ ಗುದ್ದೂದು” ಎನ್ನುತ್ತಾಳೆ. ಇದಕ್ಕಿಂತ ಗಟ್ಟಿಯಾದ ಪುರಾವೆ ನಾನು ಗಣಿತದಲ್ಲೂ ಕಂಡಿಲ್ಲ.

ತಮ್ಮನ ಮೊದಲ ಮಗುವಿಗೆ ಹೆಸರು ಹೇಳಿದವಳು ನಮ್ಮಕ್ಕ. ಆಕೆಯನ್ನು ಹುಕ್ಕೇರಿ ಕಡೆ ಬೆಲ್ಲದ ಬಾಗೇವಾಡಿಗೆ ಕೊಟ್ಟಿದೆ. ಹಿರಿಯಳು, ಆಕೆಯ ಹಕ್ಕು ಮೊದಲು, ಸರಿ. ನಾನು ಆಕೆಯ ಬೆನ್ನಿಗೆ ಗುದ್ದಿ ಸಮಾಧಾನ ಪಟ್ಟುಕೊಂಡೆ ಮತ್ತು ಮುಂದಿನದು ನನ್ನದು ಎಂದು ಆವತ್ತೇ ಎಲ್ಲರೆದುರು ಸಾರಿದೆ. ತಮ್ಮ ಎರಡೇ ಸಾಕು ಎಂದಿದ್ದ. ಇದೊಂದು ತಪ್ಪಿದರೆ ಈ ಜನ್ಮದಲ್ಲಿ ನನಗೆ ಇನ್ನೊಂದು ಕಿವಿ ಸಿಗುವುದಿಲ್ಲ. ಎಷ್ಟು ಆಸೆಯಿತ್ತೆಂದರೆ, ಸ್ನಾನದ ಮನೆಯಲ್ಲಿ ನೀರಿನ ತಂಬಿಗೆಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ರೂಢಿ ಮಾಡಿಕೊಂಡಿದ್ದೆ. ಹೊರಗಿನಿಂದ ನನ್ನ ಗಂಡ, “ಪಾರಿವಾಳ ಹೊಕ್ಕಾವೇನು ಒಳಗ?” ಎಂದು ಕೇಳಿದ್ದರು.

ಇನ್ನು ಗಣಿತಕ್ಕೆ ಬರುತ್ತೇನೆ. ಹೆದರಬೇಡಿ, ಮಕ್ಕಳಿಗೆ ಹೇಳಿದಷ್ಟೇ ಹೇಳುತ್ತೇನೆ.

ಆವತ್ತಿನ ಪಾಠ ಪೂರಕ ಗಣ. ಒಂದು ಗಣವಿದೆ, ಅದರಲ್ಲಿ ಇಲ್ಲದ್ದೆಲ್ಲ ಸೇರಿದರೆ ಅದರ ಪೂರಕ. ನಾನು ಎಂದಿನಂತೆ ಬುತ್ತಿಯಿಂದಲೇ ಶುರು ಮಾಡಿದ್ದೆ. “ಇವತ್ತು ಬುತ್ತಿ ತಂದವರು ಕೈ ಎತ್ರಿ. ಇವರದೊಂದು ಗಣ. ಬುತ್ತಿ ತರದವರೆಲ್ಲ ಇದರ ಪೂರಕ. ತಿಳೀತಿಲ್ಲೋ?” ಎಲ್ಲರೂ ತಲೆಯಾಡಿಸಿದರು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು. ಹೊರಗೆ ಬೇವಿನ ಗಿಡದ ಕೆಳಗೆ ಯಾರದೋ ಎಮ್ಮೆ ಬಾಯಾಡಿಸುತ್ತ ನಿಂತಿತ್ತು.

“ಮೇಡಮ್, ಆ ಎಮ್ಮಿನೂ ಬುತ್ತಿ ತಂದಿಲ್ರಿ. ಅದೂ ಪೂರಕದಾಗ ಬರ್ತೈತೇನ್ರಿ?”

ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗಿ ನಗಲಿಲ್ಲ, ಆಕೆಗೆ ನಿಜವಾಗಿಯೂ ಉತ್ತರ ಬೇಕಿತ್ತು. ಇಂಥ ಪ್ರಶ್ನೆ ಕೇಳುವವರು ವರ್ಷಕ್ಕೊಬ್ಬರು ಸಿಕ್ಕರೆ ನನ್ನ ಪಗಾರ ಹಲಾಲ್ ಆಯಿತು ಎಂದುಕೊಳ್ಳುತ್ತೇನೆ. “ಬರಂಗಿಲ್ಲವ್ವ” ಎಂದೆ. “ಯಾಕ ಅಂದ್ರ, ಮೊದಲ ನಾವು ಚೌಕ ಬರದೇವಿ. ಈ ಖೋಲಿಯೊಳಗಿನ ಹುಡುಗ ಹುಡುಗಿಯರಷ್ಟೇ ನಮ್ಮ ವಿಶ್ವಗಣ. ಚೌಕದ ಹೊರಗಿನವರು ಬುತ್ತಿ ತಂದ್ರೇನು, ಬಿಟ್ರೇನು, ನಮಗ ಲೆಕ್ಕಿಲ್ಲ. ‘ಅಲ್ಲ’ ಅನ್ನೂಕಿಂತ ಮೊದಲ ಯಾರ ಪೈಕಿ ಅಲ್ಲ ಅನ್ನೂದು ಹೇಳಬೇಕು. ಚೌಕ ಇಲ್ಲದ ಪೂರಕ ಹುಡುಕಿದ್ರ ಎಮ್ಮಿ, ಬೇವಿನ ಗಿಡ, ಗೋಕಾಕ ಫಾಲ್ಸ್, ಚಂದ್ರ, ಎಲ್ಲಾ ಒಳಗ ಬಂದ ಕುಂದರತಾವ.”

ಹೀಗೆ ಹೇಳುತ್ತ ಹಲಗೆಯ ಕಡೆ ತಿರುಗಿ ಗೆರೆ ಎಳೆಯುವಾಗಲೇ ಸೀಮೆಸುಣ್ಣ ಮುರಿದದ್ದು. ಯಾಕೆಂದರೆ ನಮ್ಮ ಮನೆಯಲ್ಲಿ ಎರಡು ವಾರದಿಂದ ನಡೆದದ್ದು ಇದೇ ಲೆಕ್ಕ.

ನಮ್ಮ ಮನೆಯವರೆಲ್ಲ ಇರುವ ಒಂದು ದೊಡ್ಡ ಗ್ರೂಪು ಮೊದಲಿನಿಂದಲೂ ಇದೆ. ಅದು ನಮ್ಮ ಚೌಕ. ಅದರಲ್ಲಿ ಕೌಜಲಗಿಯ ನಮ್ಮ ಅತ್ತೆಯೂ ಇದ್ದಾಳೆ, ಅಪ್ಪನ ಅಕ್ಕ, ನನಗೆ ಸೋದರತ್ತೆ. ನಾನು ಹುಟ್ಟಿದಾಗ ನನ್ನ ಕಿವಿಯಲ್ಲಿ ಹೆಸರು ಹೇಳಿದವಳು ಆಕೆಯೇ. ಅತ್ತೆ ಸಿಟ್ಟಿಗೆ ಹೆಸರುವಾಸಿ. ನಮ್ಮ ಮನೆಯ ಯಾವ ಕಾರ್ಯದಲ್ಲೂ ಆಕೆ ಕರೆದ ಕೂಡಲೇ ಊಟಕ್ಕೆ ಕೂತವಳಲ್ಲ. ಕುಂಕುಮ ಹಚ್ಚುವುದು ತಡವಾಯಿತು, ಸೀರೆಯ ಅಂಚು ಸಣ್ಣದಾಯಿತು, ತನಗಿಂತ ಮೊದಲು ಬೀಗರಿಗೆ ಚಹಾ ಕೊಟ್ಟರು, ಏನಾದರೊಂದು ಸಿಗುತ್ತದೆ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಮನೆಯವರೆಲ್ಲ ಪಾಳಿ ಹಚ್ಚಿ ಹೋಗಿ ಕೈ ಹಿಡಿದು ಎಬ್ಬಿಸಬೇಕು. ಕೊನೆಯ ಪಂಕ್ತಿಯಲ್ಲಿ, ಹೋಳಿಗೆ ಆರಿ ಹೋದ ಮೇಲೆ ಉಂಡು, ಹೋಳಿಗೆ ಆರಿತ್ತು ಎಂದು ಮತ್ತೊಮ್ಮೆ ಸಿಟ್ಟಾಗುತ್ತಾಳೆ.

ಕೂಸಿಗೆ ಹೆಸರು ಹುಡುಕುವ ಮಾತು ಬಂದಾಗ ಅತ್ತೆ ಗ್ರೂಪಿನಲ್ಲಿ ತನ್ನ ಧ್ವನಿಯಲ್ಲೇ ದೊಡ್ಡದೊಂದು ಸಂದೇಶ ಕಳಿಸಿದಳು. ನಡುವೆ ಹಾಲಿನವನ ಜೊತೆ ಜಗಳವಾಡಿದ್ದೂ, ಕುಕ್ಕರಿನ ಸೀಟಿಯೂ ಅದರಲ್ಲಿತ್ತು. ಅವೆಲ್ಲ ಕಳೆದು ಉಳಿದದ್ದು ಇಷ್ಟು: ಕೂಸಿಗೆ ನಮ್ಮಜ್ಜಿಯ ಹೆಸರು, ಅಂದರೆ ಅತ್ತೆಯ ಅವ್ವನ ಹೆಸರು ಇಡಬೇಕು. ಹಳೆಯ, ದಪ್ಪನೆಯ ಹೆಸರು. ತಮ್ಮ ಹೌಹಾರಿದ. “ಆ ಹೆಸರಿಟ್ರ ಸಾಲ್ಯಾಗ ಹುಡುಗರು ಬಿಡ್ತಾರೇನು ಅದನ್ನ?” ಆದರೆ ಅತ್ತೆಯ ಎದುರು ಬೇಡ ಎನ್ನುವ ಗಂಡೆದೆ ಯಾರಿಗಿದೆ? ಆಗ ನಾನೇ ಜಾಣತನ ಮಾಡಿದೆ. ಅತ್ತೆಯನ್ನು ಬಿಟ್ಟು ಎಲ್ಲರನ್ನೂ ಸೇರಿಸಿ ಹೊಸ ಗ್ರೂಪು ತೆರೆದೆ. ಅಲ್ಲಿ ಎಲ್ಲರೂ ನಿರುಮ್ಮಳವಾಗಿ ಮಾತಾಡಿ ಬೇರೊಂದು ಚೆಂದದ, ಚಿಕ್ಕ ಹೆಸರು ಆರಿಸಿದೆವು.

ಒಮ್ಮೆ ರುಚಿ ಹತ್ತಿದರೆ ಮುಗಿಯಿತು. ತೊಟ್ಟಿಲ ಶಾಸ್ತ್ರ ತುಕ್ಕಾನಟ್ಟಿಯ ನಮ್ಮ ತವರಿನಲ್ಲಿ. ಅವ್ವ ಅಟ್ಟದಿಂದ ನಮ್ಮೆಲ್ಲರನ್ನೂ ತೂಗಿದ ಹಳೆಯ ತೊಟ್ಟಿಲನ್ನೇ ಇಳಿಸುತ್ತೇನೆ ಎಂದು ಹಟ ಹಿಡಿದಳು. ಅದರಲ್ಲಿ ಮೂರು ತಲೆಮಾರಿನ ತಿಗಣೆಗಳಿದ್ದವು. ಅವ್ವನನ್ನು ಬಿಟ್ಟು ಒಂದು ಗ್ರೂಪಾಯಿತು. ತಮ್ಮನಿಗೆ ಅಂಗಳದಲ್ಲಿ ಡಿಜೆ ಹಚ್ಚುವ ಹುಚ್ಚು, ಅದನ್ನು ಬಿಡಿಸಲು ತಮ್ಮನನ್ನು ಬಿಟ್ಟು ಒಂದು. ಅಕ್ಕ ಬೆಲ್ಲದ ಬಾಗೇವಾಡಿಯಿಂದ ತನ್ನ ಗಂಡನ ಮನೆಯ ಓಣಿಯನ್ನೇ ಗಾಡಿಯಲ್ಲಿ ತುಂಬಿಕೊಂಡು ಬರುವ ಅಂದಾಜಿನಲ್ಲಿದ್ದಳು, ಆಕೆಯನ್ನು ಬಿಟ್ಟು ಮತ್ತೊಂದು. ನಾನು ಇವೆಲ್ಲದರಲ್ಲೂ ಇದ್ದೆ. ಎಲ್ಲ ಕಡೆ ನಾನೇ ಮುಂದಾಳು. ನನ್ನಷ್ಟು ಬೇಕಾದವಳು ಈ ಮನೆಯಲ್ಲಿ ಇನ್ನೊಬ್ಬಳಿಲ್ಲ ಎಂದು ಹಿಗ್ಗಿದ್ದೆ.

ಹಲಗೆಯ ಮುಂದೆ ನಿಂತಾಗ ಆ ಹಿಗ್ಗು ಇಳಿಯಿತು. ಈ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪೂರಕವಿದೆ. ನಾನು ಈ ಮನೆಯವಳು. ಆದ್ದರಿಂದ ನನಗೂ ಒಂದಿದೆ. ಇದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಗಣಿತ ಹೇಳಿದ ಮೇಲೆ ಕಣ್ಣಿಗೂ ಕಾಣತೊಡಗಿತು. ನನ್ನ ಗಂಡ ಮೊಬೈಲನ್ನು ಮಕಾಡೆ ಇಡುತ್ತಿದ್ದರು. ಅದು ‘ಟಿಂಗ್’ ಎಂದರೆ ನನ್ನದು ಸುಮ್ಮನಿರುತ್ತಿತ್ತು. ಗೋಕಾಕಕ್ಕೆ ಕೂಸನ್ನು ನೋಡಲು ಹೋದಾಗ ತಮ್ಮ, ಆತನ ಹೆಂಡತಿ ಇಬ್ಬರೂ ನನ್ನ ಬೆನ್ನನ್ನು ಅಳತೆ ಹಿಡಿಯುವವರಂತೆ ನೋಡಿ, ತಕ್ಷಣ ಕಿಟಕಿಯ ಕಡೆ ತಿರುಗಿದರು. ತಮ್ಮ ಅಷ್ಟು ದೊಡ್ಡ ಕರದಂಟಿನ ಡಬ್ಬಿ ತಂದು ಮುಂದಿಟ್ಟ. ಕೇಳದೆ ಕರದಂಟು ಕೊಡುವ ಜಾತಿಯವನಲ್ಲ ಆತ.

“ಹೆಸರು ಹೇಳಾಕಿ ನಾನ ಹೌದಲ್ಲೋ?” ಎಂದು ನೇರವಾಗಿ ಕೇಳಿದೆ.

“ಅದೇನ್ ಕೇಳೂದೈತಿ ಸಣ್ಣಕ್ಕ, ತಿನ್ನು ನೀ” ಎಂದ. ಹೌದು ಎನ್ನಲಿಲ್ಲ.

ಮೂಡಲಗಿಗೆ ಬಂದು ಅವ್ವನಿಗೆ ಫೋನ್ ಮಾಡಿದೆ. “ಅವ್ವಾ, ನನ್ನ ಬಿಟ್ಟು ಗ್ರೂಪ್ ಮಾಡೇರೇನು?”

ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಬೇಕಾಗಿ ಬಂದರೆ ದನಿ ಎತ್ತರಿಸುತ್ತಾಳೆ. “ಇಲ್ಲಾ! ಯಾರು ಹೇಳಿದ್ರು! ನೀ ಇಲ್ಲದ ನಾವೇನು ಮಾತಾಡೂನು! ಹಾಲು ಉಕ್ಕಾಕತ್ತೈತಿ, ಇಡ್ತೇನಿ!” ಮಧ್ಯಾಹ್ನ ಮೂರಕ್ಕೆ ನಮ್ಮ ತವರಲ್ಲಿ ಯಾವ ಹಾಲೂ ಉಕ್ಕುವುದಿಲ್ಲ.

ಅತ್ತೆ ಪಾಪ, ಆಕೆಯನ್ನೂ ನಾವು ಹೊರಗಿಟ್ಟಿದ್ದೇವೆ, ಆಕೆ ನನ್ನ ಕಡೆಯವಳು ಎಂದುಕೊಂಡು ರವಿವಾರ ಕೌಜಲಗಿಗೆ ಹೋದೆ. ಅತ್ತೆ ಚಹಾ ಕೊಟ್ಟಳು. ಮೊಬೈಲಿನ ಅಕ್ಷರ ಕಾಣುವುದಿಲ್ಲ, ದಪ್ಪ ಮಾಡಿಕೊಡು ಎಂದು ನನ್ನ ಕೈಗಿತ್ತಳು. ದಪ್ಪ ಮಾಡಿದೆ. ಮೇಲೆಯೇ ಒಂದು ಗ್ರೂಪು ಎದ್ದು ಕಂಡಿತು. ಚಿತ್ರ ತೊಟ್ಟಿಲಿನದು. ಇಂಥದೊಂದು ಗ್ರೂಪು ನನ್ನ ಮೊಬೈಲಿನಲ್ಲಿ ಇರಲಿಲ್ಲ. ಬೆರಳು ಇನ್ನೇನು ತಾಗಬೇಕು, ಅಷ್ಟರಲ್ಲಿ ಅತ್ತೆ ಹದ್ದಿನಂತೆ ಎರಗಿ ಕಸಿದುಕೊಂಡಳು.

“ಅದು ನಿನಗಲ್ಲವ್ವ.”

“ಅದರಾಗ ನೀನೂ ಅದಿಯೇನು ಅತ್ತಿ?”

“ಎಲ್ಲಾರೂ ಅದೇವಿ” ಎಂದು ಬಾಯಿ ಬಿಟ್ಟ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎಲ್ಲರೂ ಇದ್ದಾರೆ! ತೊಟ್ಟಿಲಿನ ಗ್ರೂಪಿನಲ್ಲಿ ಎಲ್ಲರೂ ಇದ್ದಾರೆ, ನಾನಿಲ್ಲ. ಇನ್ನೇನು ಬೇಕು? ಹೆಸರು ಹೇಳುವ ಕೆಲಸವನ್ನು ನನ್ನ ಕೈಯಿಂದ ತೆಗೆದು ಅಕ್ಕನಿಗೋ ಅತ್ತೆಗೋ ಕೊಟ್ಟಿದ್ದಾರೆ, ಅದನ್ನು ನನಗೆ ಹೇಳುವುದು ಹೇಗೆಂದು ಕೂತು ಮಾತಾಡುತ್ತಿದ್ದಾರೆ. ‘ಸಣ್ಣಕ್ಕನ ಕೈಗೆ ಕೊಟ್ರ ಕೂಸಿನ ಕಿವ್ಯಾಗ ಪಾಠ ಚಾಲೂ ಮಾಡತಾಳ’ ಎಂದು ತಮ್ಮ ಹಿಂದೊಮ್ಮೆ ಚೇಷ್ಟೆ ಮಾಡಿದ್ದು ನೆನಪಾಯಿತು. ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಂಡೆ. ಪಕ್ಕದ ಹೆಂಗಸು ತನ್ನ ಉಳ್ಳಾಗಡ್ಡಿಯ ಚೀಲವೇ ಕಾರಣವೆಂದು ತಿಳಿದು ಅದನ್ನು ಕಾಲ ಕೆಳಗೆ ಸರಿಸಿದಳು.

ಆ ಗ್ರೂಪಿಗೂ ಒಂದು ಪೂರಕವಿದೆಯಲ್ಲ, ಅದರ ಹೊರಗೆ ಉಳಿದವರು ಯಾರು ಎಂದು ಲೆಕ್ಕ ಹಾಕಿದೆ. ಪೂರಕದ ಪೂರಕ ಮೊದಲಿನ ಗಣವೇ, ಪುಸ್ತಕದಲ್ಲಿ ಒಂದು ಸಾಲಿನ ಪ್ರಮೇಯ, ಮಕ್ಕಳಿಗೆ ಸಲೀಸಾಗಿ ಬರೆಸುತ್ತೇನೆ. ಅಡುಗೆ ಮನೆಯಲ್ಲಿ ಒಬ್ಬಳೇ ಕೂತು ಸಿಟ್ಟಿನಿಂದ ಕರದಂಟು ಅಗಿಯುತ್ತಿದ್ದಾಗ ಆ ಸಾಲು ನನಗೆ ಚೆನ್ನಾಗಿ ತಿಳಿಯಿತು.

ದೊಡ್ಡ ಗ್ರೂಪಿನಲ್ಲಿ ಬರೆದೆ: ತೊಟ್ಟಿಲಿಗೆ ನಾನು ಬರುವುದಿಲ್ಲ, ಕಾಲೇಜಿನಲ್ಲಿ ಕೆಲಸವಿದೆ. ತಮ್ಮ ಫೋನ್ ಮಾಡಿದ, ಎತ್ತಲಿಲ್ಲ. ಅಕ್ಕ ಮಾಡಿದಳು, ಎತ್ತಿ ಏನೂ ಮಾತಾಡದೆ ಇಟ್ಟೆ. ಗಂಡ ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಬಾಯಿಗೆ ರೊಟ್ಟಿ ಇಟ್ಟುಕೊಂಡರು.

ಎರಡು ದಿನ ಬಿಟ್ಟು, ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅತ್ತೆ. ಬಸ್ಸಿಗೆ ಬಂದು ಬೆವೆತಿದ್ದಳು, ಕೈಯಲ್ಲಿ ಕುಂಕುಮದ ಬಟ್ಟಲು. ಯಾರ ಮನೆಗೂ ಕರೆಯಲು ಹೋಗದ, ಎಲ್ಲರಿಂದ ಕರೆಸಿಕೊಂಡೇ ಬಂದ ಅತ್ತೆ! ನಾನು ಪೀಠಿಕೆಯಿಲ್ಲದೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏಳ ಮ್ಯಾಲ. ಸಿಟ್ಟಾಗೂದು ಈ ಮನ್ಯಾಗ ನನ್ನ ಕೆಲಸ. ನೀ ಯಾಕ ಕಸಗೊಂತಿ ಅದನ್ನ?”

ನಗು ಬಂತು, ಆದರೆ ತಿರುಗಲಿಲ್ಲ. “ನನ್ನ ಬಿಟ್ಟು ನನ್ನ ಬಗ್ಗೆ ಮಾತಾಡಾಕತ್ತೇರಿ” ಎಂದೆ ಗೋಡೆಗೆ.

“ನನ್ನ ಬಿಟ್ಟು ನೀವು ಮಾತಾಡಿಲ್ಲೇನು? ನನಗ ಗೊತ್ತಿಲ್ಲಂತ ಮಾಡೀಯೇನು?”

ಈಗ ಮಾತ್ರ ತಿರುಗಿದೆ. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

“ನಿನ್ನ ತಮ್ಮನ ಹಿರೇ ಮಗಳ ಅಪ್ಪನ ಮೊಬೈಲ್ ಓದಿ ಎಲ್ಲಾ ಹೇಳ್ಯಾಳ. ನನ್ನ ಅವ್ವನ ಹೆಸರ ಬ್ಯಾಡ ಅಂದ್ರಿ, ಬಿಡ್ರಿ. ಆದ್ರ ಒಂದ್ ಮಾತ ಕೇಳ. ನಾ ಇಲ್ಲದ ಆ ಗ್ರೂಪಿನ್ಯಾಗ ಬರೇ ನಂದ ಸುದ್ದಿ ಇತ್ತಂತ. ಅತ್ತಿ ಏನಂತಾಳ, ಅತ್ತಿ ಎಲ್ಲಿ ಸಿಟ್ಟಾಗತಾಳ, ಅತ್ತಿಗೆ ಯಾವ ಸೀರಿ. ನಾ ಇದ್ದ ಗ್ರೂಪಿನ್ಯಾಗ ಯಾರೂ ನನ್ನ ಇಷ್ಟ ನೆನಸಂಗಿಲ್ಲವ್ವ. ಬಿಟ್ಟವರನ್ನ ನೆನಸಲಾರದ ಬಿಡಾಕ ಬರಂಗಿಲ್ಲ.”

ಇದನ್ನೇ ನಾನು ಹಲಗೆಯ ಮುಂದೆ ವರ್ಷಗಟ್ಟಲೆ ಬೇರೆ ಮಾತಿನಲ್ಲಿ ಹೇಳಿದ್ದೆ: ದುಂಡು ಬರೆಯದೆ ದುಂಡಿನ ಹೊರಗಿನದನ್ನು ತೋರಿಸಲಾಗದು. ಹಾಗೆಂದು ಅತ್ತೆಗೆ ವಿವರಿಸಲು ಶುರು ಮಾಡಿದೆ. “ಸಾಕ ಮಾಡ” ಎಂದು ಹಣೆಗೆ ಕುಂಕುಮ ಹಚ್ಚಿದಳು. “ತೊಟ್ಟಲಕ್ಕ ಬಾ. ಬೆನ್ನಿಗೆ ದಪ್ಪನ ಜಂಪರ ಹಾಕ್ಕೊಂಡ ಬಾ.” ಯಾಕೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ದಪ್ಪ ಕುಪ್ಪಸ ತೊಡಲು ಚಳಿಗಾಲವೂ ಅಲ್ಲ.

ತುಕ್ಕಾನಟ್ಟಿಯ ಮನೆ ತುಂಬಿ ತುಳುಕುತ್ತಿತ್ತು. ಅಕ್ಕ ಅಂದುಕೊಂಡಂತೆಯೇ ಓಣಿಯನ್ನು ತಂದಿದ್ದಳು. ತೊಟ್ಟಿಲು ಹೊಸದು, ಅವ್ವನ ಮುಖ ಗಂಟು. ಗುಗ್ಗರಿ ಬೆಂದ ವಾಸನೆ ಅಂಗಳದವರೆಗೆ ಬಂದಿತ್ತು. ಐವರು ಮುತ್ತೈದೆಯರು ತೊಟ್ಟಿಲ ಸುತ್ತ ನಿಂತರು. ನಾನು ಬಾಗಿಲ ಹತ್ತಿರ, ಕಂಬಕ್ಕೆ ಒರಗಿ, ಯಾರನ್ನೂ ನೋಡದೆ ನಿಂತಿದ್ದೆ. ಅಕ್ಕ ತೊಟ್ಟಿಲ ಕಡೆ ನಡೆದಳು. ಹೋಯಿತು, ನನ್ನ ಕಿವಿ ಹೋಯಿತು ಎಂದುಕೊಂಡೆ. ಆಕೆ ಕೂಸಿನ ತಲೆಗೆ ಕುಲಾಯಿ ಸರಿಮಾಡಿ, ನನ್ನತ್ತ ತಿರುಗಿ ಗದರಿದಳು.

“ಏ, ನಿಂತು ಏನ ನೋಡಾಕತ್ತಿ? ಹೆಸರು ಹೇಳಾಕಿ ನೀನಲ್ಲೇನು? ಲಗೂನ ಬಾ, ಕೂಸು ಅಳತೈತಿ.”

ಬಂದೆ. ಬಂದೆನೋ ಹಾರಿದೆನೋ ನೆನಪಿಲ್ಲ. ತೊಟ್ಟಿಲ ಮೇಲೆ ಬಾಗಿದಾಗ ಹಿಂದೆ ಸದ್ದೆಲ್ಲ ಅಡಗಿತು. ಹೊರಳಿ ನೋಡಿದರೆ ನಮ್ಮ ಇಡೀ ವಿಶ್ವಗಣ ಸಾಲಾಗಿ ನಿಂತಿದೆ. ತಮ್ಮ ಅಂಗಿಯ ತೋಳು ಮೇಲೇರಿಸಿದ್ದಾನೆ. ಚಿಕ್ಕಂದಿನಲ್ಲಿ ಆತನಿಗೆ ಮಗ್ಗಿ ಕಲಿಸಿದವಳು ನಾನು, ಬರಿಗೈಯಿಂದ ಕಲಿಸಿರಲಿಲ್ಲ. ಅಕ್ಕ ಬಳೆ ಹಿಂದಕ್ಕೆ ಸರಿಸುತ್ತಿದ್ದಾಳೆ, ಹೋದ ಸಲದ ಗುದ್ದು ಆಕೆಗೆ ಮರೆತಿಲ್ಲ. ಸಾಲಿನ ಕೊನೆಯಲ್ಲಿ ನನ್ನ ಗಂಡ! ಗಂಡಸರು ಗುದ್ದುವ ಪದ್ಧತಿ ಯಾವಾಗ ಬಂತು?

“ಅದಕ್ಕನ ಗ್ರೂಪ್ ಮಾಡಿದ್ದು ಸಣ್ಣಕ್ಕ” ಎಂದ ತಮ್ಮ, ಹಲ್ಲು ಕಿರಿದು. “ಯಾರ್ ಮೊದಲ, ಯಾರ್ ಆಮ್ಯಾಲ, ಎಲ್ಲಿ ಹೊಡೀಬೇಕು, ಎಲ್ಲಾ ಠರಾವ್ ಆಗೈತಿ. ನಿನ್ನ ಮುಂದ ಹ್ಯಾಂಗ ಮಾತಾಡೂದು ಅದನ್ನ?”

ಇಷ್ಟು ದಿನ ನಾನು ಅತ್ತದ್ದು ಇದಕ್ಕೆ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅವ್ವ ಕುರ್ರ್ ಅನ್ನು ಎಂದಳು. ಬಾಗಿ ಕೂಸಿನ ಕಿವಿಗೆ ಬಾಯಿ ಹಚ್ಚಿದೆ. ಹಾಲಿನ ವಾಸನೆಯ, ಬೆರಳ ತುದಿಯಷ್ಟೇ ಇದ್ದ ಕಿವಿ. “ಕುರ್ರ್” ಎಂದೆ, ಮತ್ತು ಆಕಾಶ ಬೆನ್ನ ಮೇಲೆ ಕಳಚಿ ಬಿತ್ತು. ಧಬಧಬ ಗುದ್ದು. ಜಂಪರ ಏನೇನೂ ಸಾಲಲಿಲ್ಲ. ನಡುವೆಯೇ ಬೆನ್ನ ಮೇಲೆ ಅಗಲವಾದ, ಒರಟಾದ ಒಂದು ಅಂಗೈ ಬಂದು ಒತ್ತಿ ಕೂತಿತು. ಗುದ್ದುಗಳೆಲ್ಲ ಅದರ ಮೇಲೆ ಬೀಳತೊಡಗಿದವು. ಕಿವಿಯ ಹತ್ತಿರವೇ ಅತ್ತೆಯ ದನಿ: “ಲೇ ಮೆತ್ತಗ ಹೊಡೀರಲೇ, ಕೂಸಿನ ಮ್ಯಾಲ ಬಿದ್ದಾಳು! ನೀ ಹೇಳವ್ವ, ಹೇಳ, ನಾ ಅದೀನಿ.”

ಎಲ್ಲರೂ ಸೇರಿ ಆರಿಸಿದ ಚಿಕ್ಕ ಹೆಸರನ್ನು ಹೇಳಿದೆ. ಕೂಸು ಕಣ್ಣು ಪಿಳಿಪಿಳಿ ಬಿಟ್ಟಿತು. ಏಳಬೇಕು, ಏಳಲಿಲ್ಲ. ಬೆನ್ನ ಮೇಲಿನ ಕೈ ಏಟು ತಿನ್ನುತ್ತಲೇ ಇತ್ತು. ನಾನು ಮತ್ತೆ ಬಾಗಿ, ಇನ್ನೊಂದು ಕಿವಿಯಲ್ಲಿ, ಯಾವ ಗ್ರೂಪಿನಲ್ಲೂ ಒಪ್ಪಿಗೆ ಸಿಗದ ನಮ್ಮಜ್ಜಿಯ ಆ ಹಳೆಯ ದಪ್ಪನೆಯ ಹೆಸರನ್ನೂ ಹೇಳಿಬಿಟ್ಟೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನನ್ನ ತಲೆಗೆ ತಲೆ ತಾಗಿಸಿ ಬಾಗಿದ್ದ ಒಬ್ಬಳಿಗೆ ಮಾತ್ರ ಕೇಳಿಸಿತು.

ಅಂಗೈ ಒಂದು ಗಳಿಗೆ ಬೆನ್ನ ಮೇಲೆ ಹಾಗೇ ನಿಂತಿತು. ಆಮೇಲೆ ಮೇಲಕ್ಕೆದ್ದಿತು. ಆವತ್ತು ನನಗೆ ಬಿದ್ದ ಗುದ್ದುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು ಅತ್ತೆಯದು. ತೊಟ್ಟಿಲ ಹಗ್ಗ ಹಿಡಿಯದಿದ್ದರೆ ಮುಗ್ಗರಿಸುತ್ತಿದ್ದೆ. ನಾನು ತಿರುಗುವಷ್ಟರಲ್ಲಿ ಆಕೆ ಸೆರಗಿನಿಂದ ಮೂಗು ಒರೆಸುತ್ತ ಪಡಸಾಲೆಗೆ ನಡೆದಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಕೈ ಹಿಡಿದಿರಲಿಲ್ಲ. ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ಹೋಗಿ ಕೂತು, ಹೋಳಿಗೆ ಬಿಸಿ ಇರುವಾಗಲೇ ಹಾಕಿರಿ ಎಂದಳು.